ಒಂದು ಓವನ್ ಬೆಲೆಯ ಓಟ್ಸ್ ಬ್ರೆಡ್

ಈ ಪ್ರವಾಸಕ್ಕೆ ನನಗೆ ತಗುಲಿದ ಖರ್ಚು ಒಂದು ಓವನ್. ರೂಪಾಯಿಯಲ್ಲಿ ಎಷ್ಟು ಅಂತ ಕೇಳಬೇಡಿ. ಓವನ್ ಕೊಂಡ ಗುಬ್ಬಿಯ ಬೇಕರಿಯವರು ಇದನ್ನು ಓದಿದರೆ, ನಾನು ಅದಕ್ಕಿಂತ ಕಡಿಮೆಗೂ ಕೊಡಲು ತಯಾರಿದ್ದೆ ಅನ್ನುವುದು ಗೊತ್ತಾಗಿ ಹೊಟ್ಟೆ ಉರಿದುಕೊಂಡಾರು. ತುಮಕೂರಿನ ಮರಳೂರಿನಲ್ಲಿರುವ ನನ್ನ ಬೇಕರಿಯಲ್ಲಿ ಎರಡು ಓವನ್ ಇದ್ದವು. ಮನೆಯಲ್ಲಿ ರಸ್ಕ್ ಮಾಡಿ, ಚೀಲದಲ್ಲಿ ಹೊತ್ತು, ಬಸ್ಸಿನಲ್ಲಿ ಗುಬ್ಬಿಗೂ ಕುಣಿಗಲ್ಲಿಗೂ ಓಡಾಡಿ ಅಂಗಡಿ ಅಂಗಡಿಗೆ ಹಾಕಿ ಸಂಪಾದಿಸಿದ ಓವನ್‌ಗಳು. ಅದರಲ್ಲಿ ಒಂದನ್ನು ಮಾರಿ ಸ್ಕಾಟ್ಲೆಂಡಿಗೆ ಹೋಗಿ ಬಂದೆ. ಕಾರಣ, ಬ್ರೆಡ್ಡು.

ನಮ್ಮ ಬೇಕರಿಗಳ ಮೆತ್ತನೆಯ ಸಿಹಿ ಬ್ರೆಡ್ಡಲ್ಲ. ಈಸ್ಟ್ ಹಾಕದೆ, ಹಿಟ್ಟು ನೀರು ಕಲೆಸಿಟ್ಟು, ಅದು ತಾನಾಗಿ ಹುಳಿ ಬಂದ ಮೇಲೆ ಅದನ್ನೇ ಹೆಪ್ಪಿನ ಹಾಗೆ ಬಳಸಿ ಉಬ್ಬಿಸುವ ಸೋರ್‌ಡೋ ಬ್ರೆಡ್. ಅದರಲ್ಲೂ ಓಟ್ಸ್ ಬೆರೆಸಿದ್ದು. ಯಡಿಯೂರು ರಸ್ತೆಯಲ್ಲಿ ಹೊಸದಾಗಿ ಪ್ರಕೃತಿ ಚಿಕಿತ್ಸೆ ಶಿಬಿರ ಶುರು ಮಾಡಿದವರು ನನ್ನ ಅಂಗಡಿಗೆ ಬಂದು, ದಿನಾ ಬೆಳಿಗ್ಗೆ ಅಂಥ ಬ್ರೆಡ್ ಕೊಡುತ್ತೀರಾ ಅಂದರು. ಕೊಡುತ್ತೇನೆ ಅಂದೆ. ಮಾಡಲು ಬರುತ್ತದಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ದಸರಾ ಕಳೆದ ಮೇಲೆ ಸ್ಯಾಂಪಲ್ ತೋರಿಸಬೇಕು, ಹಿಡಿಸಿದರೆ ವರ್ಷಪೂರ್ತಿ ಆರ್ಡರ್ ನನ್ನದು. ಅಷ್ಟು ಮಾತಾಯಿತು.

ಮೂರು ತಿಂಗಳು ಒದ್ದಾಡಿದೆ. ಓಟ್ಸನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ ಅರ್ಧಕ್ಕರ್ಧ ಬೆರೆಸಿದೆ, ಕಾಲು ಭಾಗ ಬೆರೆಸಿದೆ, ಹುರಿದು ಬೆರೆಸಿದೆ. ಬಂದದ್ದು ಹೊರಗೆ ಇಟ್ಟಿಗೆ, ಒಳಗೆ ಗೋಂದು. ನಮ್ಮ ಯಜಮಾನರು ಗುಬ್ಬಿ ಕಡೆಯವರು, ಆಡಿಕೊಳ್ಳುವುದರಲ್ಲಿ ಎತ್ತಿದ ಕೈ.

"ಓಟ್ಸು ಅಂದ್ರೆ ನಿಮ್ಮ ಕುಣಿಗಲ್‌ನಲ್ಲಿ ಕುದುರೆ ತಿನ್ನೋದು ಕಣೇ ರತ್ನ. ಅದುನ್ನ ಮನುಷ್ಯರಿಗೆ ತಿನ್ಸಕ್ಕೆ ಹೊಂಟಿದೀಯ. ಮುನಿಸ್ಕೊಂಡು ಉಬ್ತಾ ಇಲ್ಲ, ಬುಡು."

ನಮ್ಮಪ್ಪ ಕುಣಿಗಲ್‌ನ ಕುದುರೆ ಫಾರಂನಲ್ಲಿ ಕುದುರೆಗಳಿಗೆ ಮೇವು ಹಾಕುವ ಕೆಲಸದಲ್ಲಿದ್ದರು. ಅದು ಯಜಮಾನರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ನನ್ನ ಅಣ್ಣನ ಮಗಳು ಸುಮ ತುಮಕೂರಿನಲ್ಲಿ ನರ್ಸಿಂಗ್ ಓದಿ, ಈಗ ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ನನ್ನ ಇಟ್ಟಿಗೆಯ ಫೋಟೋ ನೋಡಿ ಫೋನ್ ಮಾಡಿದಳು.

"ಅತ್ತೆ, ನಮ್ಮ ಪಕ್ಕದ ಹಳ್ಳೀಲಿ ಐಲ್ಸ ಅಂತ ಒಬ್ರು ಅಜ್ಜಿ ಇದಾರೆ. ಓಟ್ಸ್ ಬ್ರೆಡ್ಡು ಅವ್ರ ಥರ ಈ ಕಡೆ ಯಾರೂ ಮಾಡಲ್ಲ. ಮನೇಲಿ ಒಂದು ರೂಮು ಬಾಡಿಗೆಗೆ ಕೊಡ್ತಾರೆ. ಬಂದು ಒಂದು ವಾರ ಇರು, ಕಲಿಸ್ತಾರಂತೆ."

"ಕಲ್ಸಕ್ಕೆ ಎಷ್ಟಂತೆ?"

"ಬಿಟ್ಟಿ ಅತ್ತೆ. ರೂಮ್ ಬಾಡಿಗೆ ಕೊಟ್ರೆ ಆಯ್ತು."

ಬಿಟ್ಟಿ ಅನ್ನುವ ಮಾತು ಬಿದ್ದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮೂವತ್ತು ವರ್ಷದ ವ್ಯಾಪಾರದಲ್ಲಿ ನಾನು ಕಂಡದ್ದು ಇಷ್ಟು: ಯಾರಾದರೂ ಬಿಟ್ಟಿ ಕೊಡುತ್ತೇನೆ ಅಂದರೆ, ಅಸಲಿ ಮಾಲನ್ನು ಒಳಗೆ ಇಟ್ಟುಕೊಂಡಿರುತ್ತಾರೆ.

ವಿಮಾನ, ಬಸ್ಸು

ವಿಮಾನದಲ್ಲಿ ಊಟದ ಜೊತೆ ಮುಷ್ಟಿಗಾತ್ರದ ಬನ್ನು ಕೊಟ್ಟರು. ನಾನು ಅದನ್ನು ಒತ್ತಿ ನೋಡಿದೆ, ಮೂಸಿ ನೋಡಿದೆ, ಎರಡು ಹೋಳು ಮಾಡಿ ಒಳಗಿನ ತೂತುಗಳನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಪಕ್ಕದ ಸೀಟಿನಲ್ಲಿದ್ದ ದೊಡ್ಡ ಮನುಷ್ಯರು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು, ಕೊನೆಗೆ ತಮ್ಮ ಬನ್ನನ್ನೂ ನನ್ನ ತಟ್ಟೆಗೆ ಇಟ್ಟರು. ಹಸಿದಿದ್ದಾಳೆ ಅಂದುಕೊಂಡರೋ, ಬನ್ನಿನಲ್ಲಿ ಏನೋ ದೋಷ ಕಂಡಿದೆ ಅಂದುಕೊಂಡರೋ ತಿಳಿಯಲಿಲ್ಲ. ಎರಡನ್ನೂ ತಿಂದೆ.

ಇನ್ವರ್ನೆಸ್ ಅನ್ನುವ ಊರಿನಲ್ಲಿ ಸುಮ ಕಾದಿದ್ದಳು. ಅಲ್ಲಿಂದ ಉತ್ತರಕ್ಕೆ ಬಸ್ಸು. ದಾರಿಯುದ್ದಕ್ಕೂ ಮಾರ್ಕೋನಹಳ್ಳಿ ಡ್ಯಾಮಿನ ಹಿನ್ನೀರಿನಂಥ ನೀರು. ಅದರ ಸುತ್ತ ತೆಂಗಿನ ಗಿಡಗಳನ್ನೆಲ್ಲ ಕಿತ್ತು ಕುರಿ ಬಿಟ್ಟರೆ ಹೇಗಿರುತ್ತದೋ ಹಾಗಿತ್ತು. ನನಗೆ ಸೋಜಿಗವಾದದ್ದು ನೀರಲ್ಲ, ಬಸ್ಸಿನ ಜನ. ಇಳಿಯುವ ಒಬ್ಬೊಬ್ಬರೂ ಡ್ರೈವರ್ ಹತ್ತಿರ ನಿಂತು ಥ್ಯಾಂಕ್ಸ್ ಹೇಳುತ್ತಾರೆ. ಆತ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾನೆ. ನಮ್ಮ ಕುಣಿಗಲ್ ಬಸ್ಸಿನಲ್ಲಿ ಹಾಗೆ ನಿಂತರೆ ಹಿಂದಿನವರೇ ನಮ್ಮನ್ನು ಇಳಿಸಿಬಿಡುತ್ತಾರೆ. ಇಳಿಯುವಾಗ ನಾನೂ ಹೇಳಿದೆ. ಚೆನ್ನಾಗಿಯೇ ಇತ್ತು, ಖರ್ಚಂತೂ ಇಲ್ಲ.

ಮೊದಲ ದಿನ: ಐಲ್ಸಮ್ಮನ ಅಡುಗೆಮನೆ

ಆಕೆಗೆ ಎಪ್ಪತ್ತು ದಾಟಿದೆ. ತೆಳ್ಳಗೆ, ಎತ್ತರಕ್ಕೆ, ತೋಳು ಮಾತ್ರ ಹಿಟ್ಟು ನಾದಿ ನಾದಿ ಗಟ್ಟಿ. ನಾನು ಬಂದ ಗಳಿಗೆಯಿಂದಲೇ ಐಲ್ಸಮ್ಮ ಅಂದೆ, ಅವರು ಅದನ್ನೇ ತಮ್ಮ ಹೆಸರು ಅಂತ ಒಪ್ಪಿಕೊಂಡರು. ಗಂಡ ಡಂಕನ್ ಮೀನು ಹಿಡಿಯುವ ಕೆಲಸದಿಂದ ನಿವೃತ್ತರಾದವರು. ಸುಮ ನನ್ನನ್ನು ಬಿಟ್ಟು ತನ್ನ ಕೆಲಸಕ್ಕೆ ಹೋದಳು. ಆಮೇಲೆ ಮೂವರ ನಡುವೆ ಇದ್ದದ್ದು ನನ್ನ ಅಂಗಡಿ ಇಂಗ್ಲಿಷು, ಅವರ ಕಡಲ ಕಡೆಯ ಇಂಗ್ಲಿಷು. ಅವರು ಹೇಳಿದ್ದನ್ನು ನಮ್ಮ ಕಡೆ ಮಾತಿಗೆ ಇಳಿಸಿ ಇಲ್ಲಿ ಬರೆದಿದ್ದೇನೆ.

ಬೆಳಿಗ್ಗೆ ಡಂಕನ್ ತಾವೇ ಓಟ್ಸ್ ಗಂಜಿ ಕಾಯಿಸುತ್ತಾರೆ. ಮನೆಯಲ್ಲಿ ಇಬ್ಬರೇ, ಪಾತ್ರೆ ಮಾತ್ರ ಆರು ಜನರದ್ದು. ಉಪ್ಪು ಹಾಕಿ, ಮರದ ಕೋಲಿನಿಂದ ತಿರುವಿ, ಕಿಟಕಿಯ ಹತ್ತಿರ ನಿಂತುಕೊಂಡೇ ತಿನ್ನುತ್ತಾರೆ. ನನಗೂ ಒಂದು ಬಟ್ಟಲು ಕೊಟ್ಟರು. ನಾನು ಸಕ್ಕರೆ ಇದೆಯಾ ಅಂದೆ. ಮುದ್ದೆಗೆ ಸಕ್ಕರೆ ಕೇಳಿದವರನ್ನು ನಾವು ಹೇಗೆ ನೋಡುತ್ತೇವೋ ಹಾಗೆ ನೋಡಿದರು. ಉಪ್ಪಿನದ್ದನ್ನೇ ತಿಂದೆ. ಮೊದಲ ತುತ್ತಿಗೆ ಬಾಯಿಗೆ ಒಂದು ಹಳೇ ರುಚಿ ಬಂತು. ಅದನ್ನು ಗುರುತು ಹಿಡಿಯಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ಐಲ್ಸಮ್ಮ ಬ್ರೆಡ್ ಕುಯ್ದು ಕೊಟ್ಟರು. ಹೇಗೆ ಹೇಳಲಿ? ಮೇಲಿನ ಸಿಪ್ಪೆ ಹುರಿದ ಕಡಲೆಕಾಯಿಯ ಹಾಗೆ ಕರುಮ್ ಅನ್ನುತ್ತದೆ. ಒಳಗೆ ಒದ್ದೆಯಲ್ಲ, ಒಣಗಲೂ ಇಲ್ಲ, ಚೆನ್ನಾಗಿ ಹದ ಬಂದ ತಟ್ಟೆ ಇಡ್ಲಿಯ ಹಾಗೆ ಒತ್ತಿದರೆ ಮೇಲೇಳುತ್ತದೆ. ಹುಳಿ ಕೊನೆಯಲ್ಲಿ ಬಂದು ಹೋಗುತ್ತದೆ. ಎರಡು ಹೋಳು ತಿನ್ನುವಷ್ಟರಲ್ಲಿ ನನ್ನ ತಲೆಯಲ್ಲಿ ಮಾರಿದ ಓವನ್ ಎರಡಾಗಿ ವಾಪಸ್ ಬಂದು ಕೂತಿತ್ತು.

"ಇದರ ಗುಟ್ಟೇನು?" ಅಂದೆ.

"ಗುಟ್ಟೇನೂ ಇಲ್ಲಮ್ಮ," ಅಂದು, ನೀಟಾದ ಅಕ್ಷರದಲ್ಲಿ ಮೊದಲೇ ಬರೆದಿಟ್ಟಿದ್ದ ಕಾಗದ ಕೊಟ್ಟರು. ಗೋಧಿ ಹಿಟ್ಟು ಇಷ್ಟು, ಓಟ್ಸ್ ಹಿಟ್ಟು ಇಷ್ಟು, ಹೆಪ್ಪು ಇಷ್ಟು, ನೀರು ಇಷ್ಟು, ಉಪ್ಪು ಎರಡು ಚಮಚ.

ಮಧ್ಯಾಹ್ನ ಊಟವಾದ ಮೇಲೆ ಹಿಟ್ಟು ಕಲೆಸುವ ಹೊತ್ತು. ತಕ್ಕಡಿ ಬಂತು, ಬೋಗುಣಿ ಬಂತು. ನಾನು ಸೆರಗು ಸಿಕ್ಕಿಸಿ ನಿಂತೆ. ಆಗ ಐಲ್ಸಮ್ಮ, "ರತ್ನ, ರಸ್ತೆ ತಿರುವಿನಲ್ಲಿ ಮೊಟ್ಟೆ ಡಬ್ಬಿ ಇದೆ. ಆರು ಮೊಟ್ಟೆ ತರ್ತೀಯಾ?" ಅಂದರು.

ಮೊಟ್ಟೆ ಡಬ್ಬಿ

ಕಲ್ಲಿನ ಗೋಡೆಯ ಮೇಲೆ ಒಂದು ಮರದ ಪೆಟ್ಟಿಗೆ. ಒಳಗೆ ಮೊಟ್ಟೆ, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ, ಬೆಲೆ ಬರೆದ ಹಲಗೆ. ಮನುಷ್ಯರು ಯಾರೂ ಇಲ್ಲ. ನಾನು ಆ ಕಡೆ ಈ ಕಡೆ ನೋಡಿದೆ. ಬರೆದ ಬೆಲೆಗೆ ನಾನು ಇವತ್ತಿನವರೆಗೆ ಏನನ್ನೂ ಕೊಂಡವಳಲ್ಲ. ಆರು ತೆಗೆದುಕೊಂಡರೆ ಎಷ್ಟು ಬಿಡುತ್ತೀರಿ ಅಂತ ಕೇಳೋಣ ಅಂದರೆ ಕೇಳುವುದು ಯಾರನ್ನು? ದುಡ್ಡಿನ ಡಬ್ಬಿಯನ್ನು ರಸ್ತೆಯಲ್ಲಿ ಬಿಟ್ಟು ಹೋದವರು ದೂರ ಹೋಗಿರಲಾರರು ಅಂತ ಗೋಡೆಯ ಮೇಲೆ ಕೂತೆ.

ಬಹಳ ಹೊತ್ತಾದ ಮೇಲೆ ಕೆಸರು ಬೂಟಿನ ಒಬ್ಬಾತ ಬಂದ.

"ಏನಾದರೂ ತೊಂದರೆಯಾ?"

"ಆರಕ್ಕೆ ಎಷ್ಟು?"

ಆತ ಹಲಗೆ ತೋರಿಸಿದ.

"ಅದು ಬರೆದಿರೋದು. ಕೊಡೋದೆಷ್ಟು?"

ಆತ ಹಲಗೆಯನ್ನು ತಾನೂ ಒಮ್ಮೆ ಓದಿಕೊಂಡ. ಬರೆದದ್ದರಲ್ಲಿ ತಪ್ಪಾಗಿದೆಯೇನೋ ಅಂತ. ಆಮೇಲೆ ಅನುಮಾನಿಸುತ್ತ ಏಳನೇ ಮೊಟ್ಟೆಯೊಂದನ್ನು ನನ್ನ ಕೈಗಿಟ್ಟ. ಗೆದ್ದೆ ಅಂತ ಬೀಗುತ್ತ ಮನೆಗೆ ಬಂದರೆ ಐಲ್ಸಮ್ಮನ ಹಿಟ್ಟು ಕಲೆಸಿ, ಬಟ್ಟೆ ಮುಚ್ಚಿ ಆಗಿತ್ತು.

"ನೀನು ತಡ ಮಾಡಿದೆ, ಅದಕ್ಕೇ ಕಲೆಸಿಬಿಟ್ಟೆ. ನೀನು ಕಾಗದ ನೋಡಿ ನಿನ್ನದು ಕಲೆಸು."

ಕಲೆಸಿದೆ. ಅವರದ್ದೇ ಹಿಟ್ಟು, ಅವರದ್ದೇ ಹೆಪ್ಪು, ಅವರದ್ದೇ ತಕ್ಕಡಿ. ಮರಳೂರಿನಲ್ಲಿ ನನ್ನ ಹೆಪ್ಪು ಬಸ್ ಹಿಡಿಯುವ ಅವಸರದಲ್ಲಿ ನಾಲ್ಕೇ ಗಂಟೆಯೊಳಗೆ ಉಕ್ಕುತ್ತದೆ. ಇಲ್ಲಿ ಅದು ಊಟ ಮಾಡಿ ಎಲೆ ಅಡಿಕೆ ಹಾಕಿ ಕೂತವರ ಹಾಗೆ ನಿಧಾನ. ಎರಡನ್ನೂ ತಂಪು ಕೋಣೆಯಲ್ಲಿಟ್ಟು ಬೆಳಿಗ್ಗೆ ಸುಟ್ಟೆವು.

ಎರಡನೇ ದಿನ: ಇಟ್ಟಿಗೆ

ಅವರದ್ದು ಎದ್ದು ನಿಂತಿತ್ತು. ನನ್ನದು ಮಲಗಿತ್ತು. ಮರಳೂರಿನ ಇಟ್ಟಿಗೆ ಸ್ಕಾಟ್ಲೆಂಡಿಗೂ ನನ್ನ ಹಿಂದೆಯೇ ಬಂದಿತ್ತು.

"ಕೈ ಪಳಗಬೇಕು," ಅಂದರು ಐಲ್ಸಮ್ಮ, ನನ್ನ ಮುಖ ನೋಡದೆ.

ಮೂವತ್ತು ವರ್ಷ ಹಿಟ್ಟು ನಾದಿದ ಕೈಗೆ ಪಳಗಬೇಕು ಅಂದರೆ ಹೇಗಿರಬೇಡ? ಆದರೂ ನಾನು ವ್ಯಾಪಾರದವಳು, ಕೋಪ ಬಂದಾಗ ಬಾಯಿ ಮುಚ್ಚಿ ಕಣ್ಣು ತೆರೆಯುವುದು ಗೊತ್ತು. ಅವತ್ತು ಮಧ್ಯಾಹ್ನ ಅವರು ತಮ್ಮ ಬೋಗುಣಿಗೆ ಉಪ್ಪು ಹಾಕುವಾಗ ಎಣಿಸಿದೆ. ಒಂದೇ ಚಮಚ. ನನಗೆ ಕೊಟ್ಟ ಕಾಗದದಲ್ಲಿ ಎರಡು. ಆದರೆ ಅವರ ಬ್ರೆಡ್ಡಿಗೆ ಉಪ್ಪು ಸರಿಯಾಗಿಯೇ ಇತ್ತು. ಹಾಗಾದರೆ ಇನ್ನೊಂದು ಚಮಚ ಉಪ್ಪು ಎಲ್ಲಿಂದ ಬಂತು?

ಅಷ್ಟರಲ್ಲಿ, "ರತ್ನ, ಮೊಟ್ಟೆ ತರ್ತೀಯಾ?"

ನಿನ್ನೆಯ ಏಳು ಮೊಟ್ಟೆಯಲ್ಲಿ ಖರ್ಚಾಗಿದ್ದು ಎರಡು. ಗುಬ್ಬಿಯಲ್ಲಿ ನನ್ನ ದೊಡ್ಡತ್ತೆ ಒಬ್ಬರಿದ್ದರು, ಸಾರಿಗೆ ತಮ್ಮ ಪುಡಿ ಹಾಕುವ ಹೊತ್ತಿಗೆ ಸರಿಯಾಗಿ ಸೊಸೆಯರನ್ನು ವೀಳ್ಯದೆಲೆಗೆ ಕಳಿಸುತ್ತಿದ್ದರು. ಅವರ ನೆನಪಾಯಿತು. ಹೋಗದೆ ಇರುವ ಹಾಗಿಲ್ಲ, ಉಳಿದುಕೊಂಡಿರುವುದು ಅವರ ಮನೆಯಲ್ಲಿ. ಬೇಗ ಹೋಗಿ ಬೇಗ ಬಂದುಬಿಡೋಣ ಅಂದುಕೊಂಡೇ ಹೋದೆ. ಆದರೆ ಡಬ್ಬಿಯ ಮುಂದೆ ನಿಂತರೆ ಕೈ ಚೀಲಕ್ಕೆ ಹೋಗಲಿಲ್ಲ. ನಿನ್ನೆ ಏಳು ಕೊಟ್ಟವನು ಇವತ್ತು ಆರಕ್ಕೆ ಅದೇ ದುಡ್ಡು ತೆಗೆದುಕೊಂಡರೆ ನಾನು ಸೋತ ಹಾಗೆ. ಕಾದೆ. ಬೂಟಿನವನು ತನ್ನ ಮನೆ ಕಿಟಕಿಯಿಂದ ನೋಡಿ, ಏಳನೆಯದರ ಜೊತೆ ಒಂದು ಕಪ್ ಟೀಯನ್ನೂ ತಂದ. ಗೋಡೆಯ ಮೇಲೆ ಕೂತು ಇಬ್ಬರೂ ಕುರಿ ಬೆಲೆ ಮಾತಾಡಿದೆವು. ಮನೆಗೆ ಬಂದಾಗ ಹಿಟ್ಟು ಕಲೆಸಿ ಆಗಿತ್ತು.

ಅವತ್ತು ಯಜಮಾನರು ಫೋನ್ ಮಾಡಿದರು.

"ಏನಾಯ್ತೇ, ಕುದುರೆ ಬ್ರೆಡ್ಡು?"

"ಆಗ್ತಾ ಐತೆ ಕಣ್ರೀ."

"ಓವನ್ ಮಾರಿದ್ ದುಡ್ಡಲ್ಲಿ ಮೊಟ್ಟೆ ತಿನ್ಕೊಂಡು ಕೂತಿದೀಯಂತೆ, ಸುಮ ಅಂದ್ಳು."

ಫೋನ್ ಇಟ್ಟೆ.

ಮೂರನೇ ದಿನ: ಚೌಕಾಸಿ ಮಾಡದ ಮಧ್ಯಾಹ್ನ

ಬೆಳಿಗ್ಗೆ ಎರಡನೇ ಇಟ್ಟಿಗೆ. ಉಳಿದಿರುವುದು ಐದು ದಿನ. ಇಲ್ಲಿಂದ ಬರಿಗೈಯಲ್ಲಿ ಹೋದರೆ ಒಂದು ಓವನ್ನಿನ ಬೇಕರಿ, ಶಿಬಿರದವರ ಮುಂದೆ ಮಾತು ತಪ್ಪಿದವಳು ಅನ್ನುವ ಹೆಸರು, ಜೀವನಪೂರ್ತಿ ಯಜಮಾನರ ಕುದುರೆ ಮಾತು. ಮಧ್ಯಾಹ್ನ ಮತ್ತೆ ಮೊಟ್ಟೆಗೆ ಕಳಿಸಿದರು. ಹೊರಗೆ ಕಡಲಿನಿಂದ ಗಾಳಿ ಎಂಥದ್ದು ಅಂತೀರಿ, ಸೀರೆ ಮೇಲೆ ಹಾಕಿದ್ದ ಸುಮಳ ಕೋಟು ಹಾಯಿಯ ಹಾಗೆ ಉಬ್ಬಿ ನನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು. ಡಬ್ಬಿಯ ಹತ್ತಿರ ನಿಲ್ಲಲು ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ಬರೆದಷ್ಟು ದುಡ್ಡನ್ನು ಬರೆದ ಹಾಗೆ ಹಾಕಿ, ಆರು ಮೊಟ್ಟೆ ತೆಗೆದುಕೊಂಡು ತಿರುಗಿದೆ. ಹೋಗಿ ಬರಲು ಹಿಡಿದದ್ದು ಐದು ನಿಮಿಷ.

ಅಡುಗೆಮನೆ ಬಾಗಿಲು ತೆಗೆದೆ. ಐಲ್ಸಮ್ಮ ಡಂಕನ್‌ರ ಮಿಕ್ಕ ಗಂಜಿ ತೆಗೆದಿಟ್ಟಿದ್ದ ಪಾತ್ರೆಯನ್ನು ಕಂಕುಳಲ್ಲಿ ಅವುಚಿಕೊಂಡು, ನಿನ್ನೆ ಬೆಳಿಗ್ಗೆಯ, ತಣ್ಣಗೆ ಗಟ್ಟಿಯಾದ ಗಂಜಿಯನ್ನು ಮರದ ಸೌಟಿನಿಂದ ತಳ ಕೆರೆದು ಹಿಟ್ಟಿಗೆ ಹಾಕುತ್ತಿದ್ದರು.

ಅವರ ಕಿವಿ ಕೆಂಪಾಯಿತು.

"ನೀನು ಇಷ್ಟು ಬೇಗ ಬರಲ್ಲ ಅಂದ್ಕೊಂಡಿದ್ದೆ."

"ಇವತ್ತು ಚೌಕಾಸಿ ಮಾಡಲಿಲ್ಲ."

ಉಪ್ಪಿನ ಲೆಕ್ಕ ನನಗೆ ಆಗ ಸರಿಹೋಯಿತು. ಇನ್ನೊಂದು ಚಮಚ ಗಂಜಿಯೊಳಗಿತ್ತು. ಹಿಟ್ಟು ಯಾಕೆ ಮಲಗುತ್ತಿತ್ತು ಅನ್ನುವುದೂ ಹೊಳೆಯಿತು. ಓಟ್ಸ್ ಪುಡಿಯಲ್ಲಿ ಗೋಧಿಯ ಜಿಗುಟಿಲ್ಲ. ಹಸಿಯಾಗಿ ಹಾಕಿದರೆ ಅದು ಹಿಟ್ಟಿನ ನೀರನ್ನೆಲ್ಲ ಕುಡಿದು, ಉಬ್ಬಲೂ ಬಿಡದೆ ಕೆಳಗೆ ಎಳೆಯುತ್ತದೆ. ಬೇಯಿಸಿ ತಣಿಸಿದ್ದು ತನ್ನ ನೀರನ್ನು ಮೊದಲೇ ಕುಡಿದು ತೃಪ್ತಿಯಾಗಿರುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ನನಗೆ ಕುಣಿದಾಡುವ ಹಾಗಾಯಿತು. ಆದರೆ ಐಲ್ಸಮ್ಮ ಕುರ್ಚಿಯಲ್ಲಿ ಕುಸಿದು ಕೂತಿದ್ದರು.

"ದುಡ್ಡು ಕೊಟ್ಟು ಬಂದವಳಿಗೆ ನನ್ನ ಗಂಡ ಮಿಗಿಸಿದ ಗಂಜಿ ಹಾಕ್ತೀನಿ ಅಂತ ಹೆಂಗೆ ಹೇಳಲಿ? ಹಿಂದೆ ಒಂದ್ಸಲ ರೂಮಿಗೆ ಬಂದಿದ್ದೋರಿಗೆ ಹೇಳ್ದೆ. ತಿಂತಾ ಇದ್ದ ಬ್ರೆಡ್ಡನ್ನ ತಟ್ಟೆಗೆ ಇಟ್ಟು ಎದ್ದು ಹೋದ್ರು. ಆವತ್ತಿಂದ ಬಂದೋರಿಗೆ ಆ ಕಾಗದ ಕೊಡ್ತೀನಿ. ನನ್ನಮ್ಮನೂ ಹಿಂಗೇ ಮಾಡ್ತಿದ್ದಳು, ಆದರೆ ಯಾರಾದರೂ ಬಂದರೆ ಪಾತ್ರೆ ಬಚ್ಚಿಡೋಳು."

ರಾತ್ರಿ ಮಿಕ್ಕ ಅನ್ನವನ್ನು ದೋಸೆ ಹಿಟ್ಟಿಗೆ ಹಾಕಿ ರುಬ್ಬಿ, ನೆಂಟರ ಮುಂದೆ ಬಾಯಿ ಬಿಡದ ಎಷ್ಟು ಮನೆಗಳು ನಮ್ಮಲ್ಲಿಲ್ಲ? ನಗು ಬಂತು. ನಕ್ಕೆ. ಅವರು ಅವಮಾನವಾಯಿತು ಅಂದುಕೊಂಡು ಏಳಹೊರಟರು. ಕೈ ಹಿಡಿದು ಕೂರಿಸಿದೆ. ಆಗ, ಯಾಕೋ ಗೊತ್ತಿಲ್ಲ, ನನ್ನ ಬಾಯಿಂದ ನನ್ನದು ಹೊರಗೆ ಬಂತು.

"ಹಾರ್ಸ್ ಓಟ್ಸ್. ಐ ಈಟ್. ಸ್ಮಾಲ್ ಗರ್ಲ್."

ನಮ್ಮಪ್ಪ ಕುದುರೆ ಮೇವಿನ ಚೀಲ ಬಿಚ್ಚುವಾಗ ನೆಲಕ್ಕೆ ಚೆಲ್ಲಿದ ಓಟ್ಸನ್ನು, ಗುಡಿಸಿ ಎಸೆಯುವ ಮೊದಲು ಕೇಳಿಕೊಂಡು ಟವೆಲ್ಲಿನಲ್ಲಿ ಕಟ್ಟಿ ತರುತ್ತಿದ್ದರು. ಅಮ್ಮ ಅದನ್ನು ಕುಟ್ಟಿ, ಕೇರಿ, ಹೊಟ್ಟು ತೆಗೆದು, ಉಪ್ಪು ಹಾಕಿ ಗಂಜಿ ಕಾಯಿಸುತ್ತಿದ್ದಳು. ರಾಗಿ ತೀರಿದ ತಿಂಗಳುಗಳಲ್ಲಿ ನಾವು ಮಕ್ಕಳು ಬೆಳೆದದ್ದು ಅದರಲ್ಲಿ. "ಸ್ಕೂಲಲ್ಲಿ ಯಾರ್ಗೂ ಏಳ್‌ಬ್ಯಾಡ್ರವ್ವಾ," ಅನ್ನುತ್ತಿದ್ದಳು. ಹೇಳಲಿಲ್ಲ. ಸ್ಕೂಲಲ್ಲೂ ಹೇಳಲಿಲ್ಲ, ಮದುವೆಯಾದ ಮೇಲೂ ಹೇಳಲಿಲ್ಲ. ಯಜಮಾನರು ತಮಾಷೆಗೆ ಕುದುರೆ ಮಾತು ಎತ್ತಿದಾಗಲೆಲ್ಲ ನಾನೂ ಜೊತೆಗೆ ನಕ್ಕಿದ್ದೇನೆ. ಮೊದಲ ದಿನ ಡಂಕನ್‌ರ ಬಟ್ಟಲಿನಲ್ಲಿ ಬಂದ ಹಳೇ ರುಚಿ ಅದೇ.

ಅಷ್ಟರಲ್ಲಿ ಒಳಗೆ ಬಂದು ಕಿಟಕಿಯ ಹತ್ತಿರ ನಿಂತಿದ್ದ ಡಂಕನ್, "ದಕ್ಷಿಣದ ಕಡೆ ಊರಿನೋರು ನಮ್ಮನ್ನೂ ಕುದುರೆ ಮೇವು ತಿನ್ನೋರು ಅಂತ ಆಡ್ಕೊಳೋರು," ಅಂದು, ಪಾತ್ರೆಯಲ್ಲಿ ಇನ್ನೂ ಸ್ವಲ್ಪ ಗಂಜಿ ಉಳಿದಿದೆಯಾ ಅಂತ ಬಗ್ಗಿ ನೋಡಿದರು.

ನಾನು ಕಣ್ಣೊರೆಸಿಕೊಂಡು ವ್ಯಾಪಾರಕ್ಕೆ ಇಳಿದೆ.

"ಸರಿ ಐಲ್ಸಮ್ಮ. ಕಲಿಸಿದ್ದಕ್ಕೆ ಏನು ಕೊಡಬೇಕು?"

"ಬಿಟ್ಟಿ ಅಂದಿದ್ದೆನಲ್ಲ."

"ಬಿಟ್ಟಿ ತಗೊಂಡು ನನಗೆ ಅಭ್ಯಾಸ ಇಲ್ಲ. ಏನಾದರೂ ಕೇಳಿ."

ಅವರು ಯೋಚಿಸಿದರು. "ಹಾಗಾದರೆ ಈಗ ನನಗೆ ಹೇಳಿದ್ದನ್ನ ನಿನ್ನ ಗಂಡನಿಗೂ ಹೇಳು."

"ಅದು ಜಾಸ್ತಿ ಆಯ್ತು. ಸುಮಂಗೆ ಹೇಳ್ತೀನಿ."

"ಗಂಡನಿಗೆ."

"ಕುದುರೆ ಅನ್ನೋದನ್ನ ಬಿಟ್ಟು ಓಟ್ಸ್ ಗಂಜಿ ಅಷ್ಟೇ ಹೇಳಿದರೆ?"

"ಕುದುರೆ ಸಮೇತ," ಅಂದರು ಐಲ್ಸಮ್ಮ.

ನಾನು ಚೌಕಾಸಿಯಲ್ಲಿ ಒಂದು ಕಾಸೂ ಇಳಿಸಲಾಗದೆ ಒಪ್ಪಿಕೊಂಡ ಬೆಲೆ ಅದೊಂದೇ.

ಉಳಿದ ದಿನಗಳು

ಅಲ್ಲಿಂದ ಮುಂದೆ ಯಾರೂ ಮೊಟ್ಟೆಗೆ ಹೋಗಲಿಲ್ಲ. ದಿನಕ್ಕೆ ಎರಡು ಸಲ ಕಲೆಸಿದೆವು. ಗಂಜಿ ಎಷ್ಟು ಗಟ್ಟಿ ಇರಬೇಕು ಅಂತ ನಾನು ಕೇಳಿದೆ, ಅವರಿಗೆ ಹೇಳಲು ಬರಲಿಲ್ಲ. ಅಳತೆ ಅವರ ಕೈಯಲ್ಲಿತ್ತು, ಬಾಯಲ್ಲಿರಲಿಲ್ಲ. ಸೌಟು ಮುಳುಗಿಸಿ ಎತ್ತಿ ನಾನೇ ಹೆಸರು ಕೊಟ್ಟೆ: ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ. ಐದನೇ ದಿನ ನನ್ನ ಬ್ರೆಡ್ ಎದ್ದು ನಿಂತಿತು. ಒಲೆಯ ಗಾಜಿನ ಮುಂದೆ ಮಂಡಿಯೂರಿ ಕೂತು ಅದು ಮೇಲೇಳುವುದನ್ನು ನೋಡುತ್ತ ನಾನು ಕನ್ನಡದಲ್ಲಿ, "ಏಳು ನನ್ನವ್ವ, ಇನ್ನೊಂಚೂರು ಏಳು," ಅನ್ನುತ್ತಿದ್ದೆನಂತೆ. ಐಲ್ಸಮ್ಮನಿಗೆ ಅದು ಬಾಯಿಪಾಠವಾಗಿ, ಕೊನೆಯ ದಿನ ತಮ್ಮ ಬ್ರೆಡ್ಡಿಗೂ ಅದನ್ನೇ ಹೇಳಿದರು.

ಸುಮ ರಜೆಯ ದಿನ ಬಂದಳು. ಬಿಸಿ ಆರುವವರೆಗೆ ಕಾಯಬೇಕು ಅಂದರೂ ಕೇಳದೆ ಮುರಿದು ತಿಂದಳು. "ಅತ್ತೆ, ಇದುನ್ನ ಮರಳೂರಲ್ಲಿ ಮಾಡಿದ್ರೆ ಕ್ಯೂ ನಿಲ್ತಾರೆ ನೋಡು," ಅಂದಳು. ಒಂದು ತುಂಡನ್ನು ಬೂಟಿನವನಿಗೆ ಕೊಟ್ಟು ಬಂದೆ. ಆತ ಡಬ್ಬಿಯ ಹಲಗೆಯ ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದ್ದ. ಸುಮಳ ಹತ್ತಿರ ಓದಿಸಿದೆ: ಕಾದು ಕೂತವರಿಗೆ ಏಳು.

ಮರಳೂರು

ಊರಿಗೆ ಬಂದು ಮೊದಲ ಗಂಜಿಯನ್ನು ಐಲ್ಸಮ್ಮನ ಹಾಗೆ ಮುಚ್ಚಿ ಹೊರಗೆ ಇಟ್ಟೆ. ಅವರ ಊರಿನ ಚಳಿಗೆ ಅದು ಒಂದು ದಿನ ಸುಮ್ಮನಿರುತ್ತದೆ, ತುಮಕೂರಿನ ಸೆಕೆಗೆ ಬೆಳಗಾಗುವಷ್ಟರಲ್ಲಿ ನೊರೆ ಬಂದು ನಾರುತ್ತಿತ್ತು. ಚೆಲ್ಲಿದೆ. ಎರಡನೆಯದನ್ನು ಆರಿದ ಕೂಡಲೇ ಫ್ರಿಜ್ಜಿಗೆ ಹಾಕಿದೆ. ಹೆಪ್ಪನ್ನು ಅವರ ಅ‌ಳತೆಯ ಅರ್ಧ ಮಾಡಿದೆ. ನಾಲ್ಕನೇ ಸಲಕ್ಕೆ ಉಳಿದ ಒಂದೇ ಓವನ್ನಿನಲ್ಲಿ ಬ್ರೆಡ್ ಎದ್ದು ನಿಂತಿತು.

ಶಿಬಿರದ ಮ್ಯಾನೇಜರ್ ಸ್ಯಾಂಪಲ್ ನೋಡಲು ಅಂಗಡಿಗೇ ಬಂದರು. ಮೂರು ಹೋಳು ತಿಂದರು. ನಾಲ್ಕನೆಯದಕ್ಕೆ ಕೈ ಹಾಕಿ, "ಇದ್ರಲ್ಲಿ ಏನ್ ಹಾಕಿದೀರ ರತ್ನಮ್ನೋರೇ?" ಅಂದರು. ಯಜಮಾನರು ಕೌಂಟರ್ ಹತ್ತಿರ ಕೂತಿದ್ದರು. ಐಲ್ಸಮ್ಮನ ಕೆಂಪು ಕಿವಿ ನೆನಪಾಯಿತು. ಈಗ ಕಾಗದ ತೋರಿಸಿದರೆ ಆಯಿತು, ಯಾರಿಗೂ ಗೊತ್ತಾಗುವುದಿಲ್ಲ.

"ನಿನ್ನೆ ಗಂಜಿ," ಅಂದೆ.

ಅವರ ಕೈ ತಟ್ಟೆಯ ಮೇಲೆ ನಿಂತಿತು. "ತಂಗಳಾ? ಹಂಗಾದ್ರೆ ರೇಟು ಕಮ್ಮಿ ಮಾಡ್ಕೋಬೇಕು ನೀವು."

"ಕಮ್ಮಿ ಯಾಕೆ ಸಾರ್? ಒಂದು ದಿನ ಫ್ರಿಜ್ಜಲ್ಲಿ ಕೂರಿಸ್ಕೊಂಡು ನೋಡ್ಕೊಂಡಿದೀನಿ. ಅದರ ಬಾಡಿಗೆ ಸೇರಿಸಿದ್ರೆ ಜಾಸ್ತಿನೇ ಆಗ್ಬೇಕು. ನಿಮ್ಮ ಶಿಬಿರದೋರಿಗೆ ಹೇಳೇ ಕೊಡಿ, ಬಚ್ಚಿಡ್‌ಬೇಡಿ."

ಅವರು ನನ್ನನ್ನು ನೋಡಿದರು, ಬ್ರೆಡ್ ನೋಡಿದರು, ನಾಲ್ಕನೇ ಹೋಳು ತೆಗೆದುಕೊಂಡರು. ಆರ್ಡರ್ ಆಯಿತು. ನಾನು ಹೇಳಿದ ರೇಟಿಗೇ.

ಅವರು ಹೋದ ಮೇಲೆ ಯಜಮಾನರು ಒಂದು ಹೋಳು ತಿನ್ನುತ್ತ, "ಕುದುರೆ ಮೇವು ಚೆನ್ನಾಗೇ ಐತೆ ಬುಡು," ಅಂದರು. ಐಲ್ಸಮ್ಮನಿಗೆ ಕೊಟ್ಟ ಮಾತು ಇನ್ನೂ ಬಾಕಿ ಇತ್ತು. ಕೌಂಟರ್ ಒರೆಸುತ್ತ, ಅವರ ಕಡೆ ನೋಡದೆ, ಎಲ್ಲ ಹೇಳಿದೆ. ಟವೆಲ್ಲು, ಕುಟ್ಟುವುದು, ಹೊಟ್ಟು, ಅಮ್ಮನ ಮಾತು. ಕುದುರೆ ಸಮೇತ.

ಅವರು ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದರು. ಆಮೇಲೆ, "ಅದುಕ್ಕೇನೇ," ಅಂದರು.

"ಏನು?"

"ಮೂವತ್ತು ವರ್ಷದಿಂದ ನಿನ್ನ ಓಟಕ್ಕೆ ಸಮ ಓಡಕ್ಕಾಗ್ದೆ ಸುಸ್ತಾಗಿದೀನಿ. ಮೊದ್ಲೇ ಹೇಳಿದ್ರೆ ನಾನೂ ಅದುನ್ನೇ ತಿಂತಿದ್ನಲ್ಲೇ." ಇನ್ನೊಂದು ಹೋಳಿಗೆ ಕೈ ಚಾಚಿದರು. ಅವತ್ತಿನಿಂದ ಕುದುರೆ ಮಾತು ಎತ್ತಿದರೆ ನಾನೇ ಮೊದಲು ನಗುತ್ತೇನೆ, ಈಗ ನಿಜವಾಗಿ.

ನಿಮಗೆ ನಾಲ್ಕು ಮಾತು

ಮಾಡಬೇಕು ಅನ್ನಿಸಿದರೆ ಕೇಳಿ. ಓಟ್ಸನ್ನು ಪುಡಿ ಮಾಡಿ ಹಿಟ್ಟಿಗೆ ಸುರಿಯಬೇಡಿ. ಉಪ್ಪು ಹಾಕಿ ಗಂಜಿ ಕಾಯಿಸಿ, ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ. ಆರಿಸಿ ಒಂದು ದಿನ ಫ್ರಿಜ್ಜಿನಲ್ಲಿಡಿ. ಅರ್ಧ ಕೆಜಿ ಗೋಧಿ ಹಿಟ್ಟಿಗೆ ಒಂದು ದೊಡ್ಡ ಲೋಟ ಗಂಜಿ ಸಾಕು, ಆಸೆಗೆ ಬಿದ್ದು ಹೆಚ್ಚು ಹಾಕಿದರೆ ಇಟ್ಟಿಗೆ. ನೀರನ್ನು ಎಂದಿಗಿಂತ ಕಡಿಮೆ ಹಾಕಿ ಕಲೆಸಿ ನೋಡಿ, ಬೇಕಾದರೆ ಆಮೇಲೆ ಸೇರಿಸಬಹುದು, ಹಾಕಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಗಂಜಿಗೆ ಹಾಕಿದ ಉಪ್ಪನ್ನು ಮರೆಯಬೇಡಿ. ನಮ್ಮ ಸೆಕೆಗೆ ಹಿಟ್ಟಿನ ಮುಂದೆ ಗಡಿಯಾರ ಇಟ್ಟುಕೊಂಡು ಕೂರಬೇಡಿ, ಬೆರಳಿನಿಂದ ಒತ್ತಿ ನೋಡಿ, ನಿಧಾನವಾಗಿ ಮೇಲೆ ಬಂದರೆ ಹೊತ್ತಾಯಿತು ಅಂತ. ಮನೆಯಲ್ಲಿ ಮಾಡುವವರು ಮುಚ್ಚಳವಿರುವ ದಪ್ಪ ಪಾತ್ರೆಯನ್ನು ಮೊದಲೇ ಓವನ್ನಿನಲ್ಲಿ ಕಾಯಿಸಿ ಅದರಲ್ಲಿ ಸುಡಿ. ಸುಟ್ಟ ಮೇಲೆ ಪೂರ್ತಿ ಆರುವವರೆಗೆ ಕುಯ್ಯಬೇಡಿ. ಸುಮಳ ಹಾಗೆ ಮುರಿದರೆ ಒಳಗೆ ಅಂಟು ಅಂಟು, ಆಮೇಲೆ ನನ್ನನ್ನು ಬೈಯಬೇಡಿ.

ಕಲಿಯಲು ಹೊರದೇಶಕ್ಕೆ ಹೋಗುವವರಿಗೂ ಒಂದು ಮಾತು. ಬರೆದುಕೊಟ್ಟ ಕಾಗದವನ್ನು ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅಡುಗೆಮನೆಯಲ್ಲಿ ಮಿಕ್ಕದ್ದು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ನಿಮ್ಮನ್ನು ಮೊಟ್ಟೆಗೆ ಕಳಿಸಿದರೆ, ಬರೆದಷ್ಟು ದುಡ್ಡು ಹಾಕಿ, ಚೌಕಾಸಿಗೆ ಕೂರದೆ ಬೇಗ ಮನೆಗೆ ಬನ್ನಿ. ಆ ಹೊತ್ತಿನಲ್ಲಿ ಒಳಗೆ ನಡೆಯುತ್ತಿರುತ್ತದಲ್ಲ, ನೀವು ಕಲಿಯಲು ಬಂದದ್ದು ಅದನ್ನೇ.